ಫಿಯಟ್ಟಿನ ತಲೆಗೊಂದು ಕ್ಯಾರಿಯರ್

ಹಳೇ ಕಾರು ಅಂದ ತಕ್ಷಣ ಬಹಳ ಜನರಿಗೆ ನೆನಪಾಗೋದು ಅದರ ಮೂತಿಯಲ್ಲ, ತಲೆ. ಅಂಬಾಸಿಡರ್ ಮೇಲೆ ಹಗ್ಗ ಬಿಗಿದು ಕಟ್ಟಿದ ಹೋಲ್ಡಾಲು, ಮದುವೆಗೆ ಹೊರಟ ಫಿಯಟ್ ಮೇಲೆ ಬೋರಲು ಹಾಕಿದ ಕೊಪ್ಪರಿಗೆ, ತವರಿಂದ ವಾಪಸ್ ಬರುವಾಗ ಬಾಳೆಗೊನೆ, ಹಲಸಿನಹಣ್ಣು, ಪಕ್ಕದಲ್ಲೊಂದು ಟ್ರಂಕು. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳಂತೂ ತಲೆ ಮೇಲೆ ಕಬ್ಬಿಣದ ಕ್ಯಾರಿಯರ್ ಇಲ್ಲದಿದ್ದರೆ ಪೇಟ ತೆಗೆದ ಮದುಮಗನ ಹಾಗೆ ಕಾಣ್ತಿದ್ದವು.

ಆ ಟ್ಯಾಕ್ಸಿಗಳಲ್ಲಿ ಕೊನೆಯದು ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. ಮುಂಬೈಯಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಹಾಗಾಗಿ 2023ರ ಅಕ್ಟೋಬರ್ ಕೊನೆಗೆ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗೀತು. ಪತ್ರಿಕೆಗಳಲ್ಲೆಲ್ಲ ಫೋಟೋ ಬಂತು, ಜನ ಕಣ್ಣೊರೆಸಿಕೊಂಡರು. ಕಾರುಗಳು ಗುಜರಿಗೆ ಹೋದವು, ಜೊತೆಗೆ ಅವುಗಳ ಕ್ಯಾರಿಯರ್‌ಗಳೂ ಹೋದವು. ಅಂಥದ್ದೇ ಒಂದು ಕ್ಯಾರಿಯರ್ ಈಗ ಬೆಂಗಳೂರಿನಲ್ಲಿ ನಮ್ಮ ಮನೆ ಕಾರಿನ ಮೇಲೆ ಕೂತಿದೆ. ಅದನ್ನ ಹುಡುಕಿ, ತಂದು, ಕೂರಿಸಿದ ಕಥೆ ಈ ಸಲದ ಅಂಕಣ.

ಅಂಕಣ ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ನಮ್ಮದು 1970ರ ಫಿಯಟ್ 1100 ಡಿಲೈಟ್. ಇದೇ ಕಾರು ಮುಂದೆ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಅಂತ ಹೆಸರು ಬದಲಾಯಿಸಿಕೊಂಡಿತು. 1089 ಸಿಸಿ ಎಂಜಿನ್, ಸುಮಾರು 40 ಎಚ್‌ಪಿ ಶಕ್ತಿ, ಸ್ಟೀರಿಂಗ್ ಪಕ್ಕದಲ್ಲಿ ಗೇರ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಾಗ ನಾನು ಹುಟ್ಟಿರಲಿಲ್ಲ. ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೀತೀನಿ, ಶನಿವಾರ ಸ್ಪ್ಯಾನರ್ ಹಿಡೀತೀನಿ.

ಕ್ಯಾರಿಯರ್ ಯಾಕೆ ಬೇಕಾಯ್ತು

ಶೋಕಿಗಲ್ಲ. ಎರಡು ವರ್ಷದ ಹಿಂದೆ ಅಮ್ಮನಿಗೆ ಸ್ಟ್ರೋಕ್ ಆಯ್ತು. ಮಾತು ಪೂರ್ತಿ ವಾಪಸ್ ಬಂತು, ಜೋರಾಗಿಯೇ ಬಂತು. ಎಡಗಾಲು, ಎಡಗೈ ಮಾತ್ರ ಇನ್ನೂ ಅರ್ಧ ರಜೆಯಲ್ಲಿವೆ. ಮನೆಯೊಳಗೆ ವಾಕರ್, ಹೊರಗೆ ಹೋದರೆ ಮಡಚುವ ವೀಲ್‌ಚೇರ್.

ಮನೆಯಲ್ಲಿ ಹೊಸ ಹ್ಯಾಚ್‌ಬ್ಯಾಕ್ ಕಾರೂ ಇದೆ. ಆದರೆ ಅದರ ಸೀಟು ನೆಲಕ್ಕೆ ಹತ್ತಿರ, ಬಾಗಿಲ ಚೌಕಟ್ಟು ಇಳಿಜಾರು. ಅಮ್ಮ ಅದರಲ್ಲಿ ಕೂರಬೇಕಾದರೆ ತಲೆ ಬಗ್ಗಿಸಿ, ಸೊಂಟ ತಿರುಗಿಸಿ, ಹಳ್ಳಕ್ಕೆ ಇಳಿದ ಹಾಗೆ ಇಳಿಯಬೇಕು. ಏಳಬೇಕಾದರೆ ಇಬ್ಬರು ಎತ್ತಬೇಕು. ಫಿಯಟ್ ಸೀಟು ಊಟದ ಮನೆಯ ಕುರ್ಚಿಯ ಹಾಗೆ ನೆಟ್ಟಗೆ, ಎತ್ತರಕ್ಕೆ ಇದೆ. ವೀಲ್‌ಚೇರಿನಿಂದ ಎದ್ದು, ಅರ್ಧ ಸುತ್ತು ತಿರುಗಿ, ಹಾಗೇ ಕೂತುಬಿಡಬಹುದು. ಐವತ್ತು ವರ್ಷದ ಹಿಂದಿನ ವಿನ್ಯಾಸ ಅಮ್ಮನ ಈಗಿನ ಕಾಲಿಗೆ ಸರಿಹೊಂದಿತು.

ತೊಂದರೆ ಇದ್ದದ್ದು ಡಿಕ್ಕಿಯಲ್ಲಿ. ಸ್ಟೆಪ್ನಿ, ಜ್ಯಾಕು, ಅಪ್ಪನ ಸಾಮಾನಿನ ಡಬ್ಬಿ ಕೂತ ಮೇಲೆ ಮಡಚಿದ ವೀಲ್‌ಚೇರ್ ಇಟ್ಟರೆ ಡಿಕ್ಕಿ ಭರ್ತಿ. ಊರಿಗೆ ಹೋಗೋದಾದರೆ ನಾಲ್ಕು ಜನರ ಬಟ್ಟೆ, ಅಮ್ಮನ ತೆಳು ಹಾಸಿಗೆ, ದಿಂಬು, ಔಷಧಿ ಚೀಲ ಎಲ್ಲಿಡೋದು? ಅಮ್ಮನ ತವರು ತೀರ್ಥಹಳ್ಳಿ ಕಡೆ. ಸ್ಟ್ರೋಕ್ ಆದ ಮೇಲೆ ಒಂದು ಸಲವೂ ಹೋಗಿರಲಿಲ್ಲ. ಮಾವನ ಮನೆಯಲ್ಲಿ ಗೃಹಪ್ರವೇಶ ಇತ್ತು. ಟೆಂಪೋ ಟ್ರಾವೆಲರ್ ಮಾಡೋಣ ಅಂದರೆ ಮೆಟ್ಟಿಲು ಹತ್ತಬೇಕು. "ನೀವು ಹೋಗಿ ಬನ್ನಿ, ನಾನು ವಿಡಿಯೋದಲ್ಲಿ ನೋಡ್ತೀನಿ" ಅಂತ ಅಮ್ಮ ತಣ್ಣಗೆ ಹೇಳಿದಳು. ಅಷ್ಟು ತಣ್ಣಗೆ ಅವಳು ಯಾವತ್ತೂ ಮಾತಾಡಿದವಳಲ್ಲ.

ಅಪ್ಪ ಆವತ್ತು ರಾತ್ರಿ ಊಟಕ್ಕೆ ಕೂತವರು, "ಕ್ಯಾರಿಯರ್ ಹಾಕ್ಸೋಣ. ವೀಲ್‌ಚೇರ್ ಮೇಲೆ ಕಟ್ಟಿದ್ರಾಯ್ತು" ಅಂದರು.

ಅಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. "ನನ್ನ ಕುರ್ಚೀನ ಊರಿಗೆಲ್ಲ ಕಾಣೋ ಹಾಗೆ ತಲೆ ಮೇಲೆ ಹೊತ್ಕೊಂಡು ಮೆರವಣಿಗೆ ಹೋಗ್ಬೇಡಿ. ಹಂಗಾದ್ರೆ ನಾನು ಬರಲ್ಲ."

ಅಪ್ಪ ಸುಮ್ಮನಾದರು. ನಾನು ಅಮ್ಮನ ಮಾತನ್ನ ಷರತ್ತು ಅಂತ ಬರೆದಿಟ್ಟುಕೊಂಡೆ. ಆಮೇಲೆ ಲೆಕ್ಕ ಹಾಕಿದಾಗ ತಿಳಿದದ್ದು, ಮನಸ್ಸಿಗೆ ಅವಳು ಹಾಕಿದ ಷರತ್ತು ಭೌತಶಾಸ್ತ್ರಕ್ಕೂ ಸರಿಯಾಗಿದೆ ಅಂತ. ಅದಕ್ಕೆ ಮುಂದೆ ಬರ್ತೀನಿ.

ಮಳೆನೀರಿನ ಕಾಲುವೆ

ಹಳೇ ಕಾರಿಗೆ ಕ್ಯಾರಿಯರ್ ಕೂರೋದು ಎಲ್ಲಿ ಅನ್ನೋದನ್ನ ಮೊದಲು ನೋಡೋಣ. ಬಾಗಿಲುಗಳ ಮೇಲ್ಗಡೆ, ಸೂರಿನ ಅಂಚಿನುದ್ದಕ್ಕೂ ಬೆರಳು ಹಾಕುವಷ್ಟು ಸಣ್ಣ ಕಾಲುವೆ ಇರುತ್ತೆ. ನಮ್ಮ ಮೆಕ್ಯಾನಿಕ್‌ಗಳು ಗಟರ್ ಅಂತಾರೆ. ಸೂರಿನ ತಗಡು ಮತ್ತು ಪಕ್ಕದ ತಗಡು ಸೇರುವ ಜಾಗ ಅದು. ಎರಡರ ಅಂಚನ್ನೂ ಮಡಚಿ, ಒಂದರ ಮೇಲೊಂದು ಇಟ್ಟು ಸ್ಪಾಟ್ ವೆಲ್ಡ್ ಹಾಕಿರ್ತಾರೆ. ಹಾಗೆ ಉಳಿದ ಅಂಚೇ ಮಳೆನೀರು ಬಾಗಿಲಿನೊಳಗೆ ಸುರಿಯದ ಹಾಗೆ ಹಿಂದಕ್ಕೂ ಮುಂದಕ್ಕೂ ಹರಿಸುತ್ತೆ. ಹಳ್ಳಿ ಮನೆಯ ಹೆಂಚಿನ ತುದಿಗೆ ಅಡಕೆ ದಬ್ಬೆ ಕಟ್ಟಿದ ಹಾಗೆ.

ಕ್ಯಾರಿಯರ್‌ನ ಕಾಲುಗಳು ಈ ಕಾಲುವೆಯೊಳಗೆ ಕೂರುತ್ತವೆ. ಕೆಳಗಿನಿಂದ ಜೆ ಆಕಾರದ ಕೊಕ್ಕೆ ಬಂದು ಅಂಚನ್ನ ಹಿಡಿಯುತ್ತೆ, ಬೋಲ್ಟ್ ಬಿಗಿದರೆ ಮುಗೀತು. ಒಂದು ತೂತೂ ಬೇಡ. ಬೇಡ ಅಂದಾಗ ಹತ್ತು ನಿಮಿಷದಲ್ಲಿ ಬಿಚ್ಚಿಡಬಹುದು. ಅಂಬಾಸಿಡರ್, ಫಿಯಟ್, ಮಾರುತಿ ಓಮ್ನಿ, ಜಿಪ್ಸಿ ಎಲ್ಲದಕ್ಕೂ ಇದೇ ಉಪಾಯ. ಈಗಿನ ಕಾರುಗಳಲ್ಲಿ ಆ ಅಂಚನ್ನ ಸೂರಿನ ಒಳಗೇ ತಗ್ಗಿಸಿ, ಮೇಲೊಂದು ಕಪ್ಪು ಪಟ್ಟಿ ಒತ್ತಿರುತ್ತಾರೆ. ಗಾಳಿಯ ಸದ್ದು ಕಡಿಮೆ, ನೋಡೋಕೂ ನುಣುಪು. ಹಾಗಾಗಿಯೇ ಹೊಸ ಕಾರಿನ ಕ್ಯಾರಿಯರ್ ಹಳೇ ಕಾರಿಗೆ ಕೂರಲ್ಲ, ಹಳೇದು ಹೊಸದಕ್ಕೆ ಕೂರಲ್ಲ.

ನೀರು ಹರಿಯುವ ಜಾಗ ಅಂದಮೇಲೆ ತುಕ್ಕು ಹಿಡಿಯುವ ಜಾಗವೂ ಅದೇ. ಕ್ಯಾರಿಯರ್ ಹುಡುಕೋ ಮೊದಲು ಕಾರಿನ ಗಟರ್ ಭಾರ ತಡೀತದಾ ನೋಡಬೇಕು. ನಾನು ಮಾಡಿದ್ದು ಇಷ್ಟು. ಸ್ಕ್ರೂಡ್ರೈವರ್ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಹೋದೆ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತೆ, ತುಕ್ಕು ತಿಂದಲ್ಲಿ ಹಪ್ಪಳ ಮುರಿದ ಸದ್ದು. ಆಮೇಲೆ ಫ್ರಿಜ್ ಮೇಲಿದ್ದ ಸಣ್ಣ ಅಯಸ್ಕಾಂತ ತಂದು ಇಂಚಿಂಚೂ ಇಟ್ಟು ನೋಡಿದೆ. ಅಯಸ್ಕಾಂತ ಅಂಟದ ಕಡೆ ಒಳಗೆ ತಗಡಿಲ್ಲ, ಯಾವತ್ತೋ ಯಾರೋ ತುಂಬಿದ ಪುಟ್ಟಿ ಇದೆ ಅಂತ ಅರ್ಥ. ಎಡಗಡೆ ಹಿಂಬಾಗಿಲ ಮೇಲೆ ಒಂದು ಗೇಣು ಉದ್ದಕ್ಕೆ ಅಯಸ್ಕಾಂತ ಜಾರಿ ಬಿತ್ತು.

ನಮ್ಮ ಹಳೇ ಟಿಂಕರ್ ಮೇಸ್ತ್ರಿ ಬಂದು ಪುಟ್ಟಿ ಕೆರೆದರು. ಒಳಗೆ ಬೆಳಕು ಕಾಣ್ತಿತ್ತು. ಆ ಭಾಗ ಕತ್ತರಿಸಿ, ಹೊಸ ತಗಡಿನ ಪಟ್ಟಿ ಮಡಚಿ ಬೆಸೆದರು. ಬೆಸೆಯೋ ಮೊದಲು ಒಳಗಿನ ಸೂರಿನ ಬಟ್ಟೆಯನ್ನ ಬಿಚ್ಚಿಸಿ, ಸೀಟು ಹೊರಗಿಟ್ಟು, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡರು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಹಳೇ ಕಾರಿನ ಸೂರಿನ ಬಟ್ಟೆಗೆ ಒಂದು ಕಿಡಿ ಸಾಕು. ಬೆಸುಗೆ ಆದಮೇಲೆ ರೆಡ್ ಆಕ್ಸೈಡ್, ಸಂದಿಗೆ ಸೀಲರ್, ಮೇಲೆ ಬಣ್ಣ. ಈ ಕೆಲಸಕ್ಕೆ ಮೂರು ದಿನ ಹಿಡೀತು.

ಗುಜರಿ ಯಾತ್ರೆ

ಈಗ ಕ್ಯಾರಿಯರ್. ಮೊದಲ ಭಾನುವಾರ ಶಿವಾಜಿನಗರದ ಗುಜರಿ, ಎರಡನೇ ವಾರ ಜೆ.ಸಿ. ರಸ್ತೆ. ಜೆ.ಸಿ. ರಸ್ತೆಯಲ್ಲಿ ಫಿಯಟ್ಟಿನ ಇತರೆ ಸಾಮಾನು ಕೇಳಿದರೆ ಹಿರಿಯ ಅಂಗಡಿಯವರ ಮುಖ ಅರಳುತ್ತೆ. ಕ್ಯಾರಿಯರ್ ಅಂದ ತಕ್ಷಣ ನಗ್ತಾರೆ. "ಅದನ್ನೆಲ್ಲ ತೂಕಕ್ಕೆ ಹಾಕಿ ಎಷ್ಟೋ ವರ್ಷ ಆಯ್ತು ಸಾರ್."

ಸಿಕ್ಕಿದ್ದೆಲ್ಲ ಓಮ್ನಿಯವು. ಓಮ್ನಿಯ ಗೋಡೆ ನೆಟ್ಟಗೆ, ಸೂರು ಹೆಚ್ಚುಕಡಿಮೆ ಚೌಕ. ಫಿಯಟ್ ಸೂರು ಆಮೆಚಿಪ್ಪಿನ ಹಾಗೆ ಮಧ್ಯ ಉಬ್ಬಿ, ಹಿಂದಕ್ಕೆ ಹೋದಂತೆ ಕಿರಿದಾಗುತ್ತೆ. ನಮ್ಮ ಕಾರಿನ ಅಳತೆ ತಗೊಂಡಾಗ ಎರಡು ಗಟರ್‌ಗಳ ನಡುವೆ ಮುಂದಿನ ಕಾಲು ಬರುವಲ್ಲಿ 114 ಸೆಂ.ಮೀ., ಹಿಂದಿನ ಕಾಲು ಬರುವಲ್ಲಿ 110. ಅಂದರೆ ನಾಲ್ಕೂ ಕಾಲು ಒಂದೇ ಅಗಲದಲ್ಲಿ ಬೆಸೆದಿರುವ ಕ್ಯಾರಿಯರ್ ತಂದರೆ ಎರಡು ಕಾಲು ಕೂರುತ್ತೆ, ಎರಡು ಕಾಲು ನೇತಾಡುತ್ತೆ. ಯಾರಾದರೂ ಹಳೇ ಕಾರಿಗೆ ಕ್ಯಾರಿಯರ್ ಹುಡುಕ್ತಿದ್ದರೆ ಮೂರು ಅಳತೆ ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ: ಮುಂದಿನ ಅಗಲ, ಹಿಂದಿನ ಅಗಲ, ಗಟರ್ ಮಟ್ಟದಿಂದ ಸೂರಿನ ನೆತ್ತಿ ಎಷ್ಟು ಎತ್ತರ. ಮೂರನೆಯದು ತಪ್ಪಿದರೆ ಕ್ಯಾರಿಯರ್‌ನ ಹೊಟ್ಟೆ ಸೂರಿಗೆ ಉಜ್ಜುತ್ತೆ.

ಒಬ್ಬ ಬಾಡಿ ಬಿಲ್ಡರ್ ಸುಲಭದ ದಾರಿ ತೋರಿಸಿದರು. "ಸೂರಿಗೆ ಆರು ತೂತು ಹೊಡೆದು, ಒಳಗೆ ಪಟ್ಟಿ ಕೊಟ್ಟು ಬೋಲ್ಟ್ ಮಾಡಿಬಿಡ್ತೀನಿ. ಆನೆ ಕೂತ್ರೂ ಅಲ್ಲಾಡಲ್ಲ." ಅಪ್ಪನಿಗೆ ಆ ಮಾತು ಹಿಡಿಸಿತು. ಗೃಹಪ್ರವೇಶಕ್ಕೆ ಉಳಿದದ್ದು ಐದು ವಾರ. ನಾನು ಒಪ್ಪಲಿಲ್ಲ. ಅಪ್ಪನಿಗೂ ನನಗೂ ಎರಡು ದಿನ ಮಾತಿನ ಬಿಗಿ ಇತ್ತು.

ನನ್ನ ವಾದ ಇದು. ಈ ಕಾರಿಗೆ ಲಾರಿಯ ಹಾಗೆ ಪ್ರತ್ಯೇಕ ಚಾಸಿ ಇಲ್ಲ, ತಗಡಿನ ಡಬ್ಬಿಯೇ ಎಲುಬು. ಸೂರಿನ ಮಧ್ಯದ ತಗಡು ಬರೀ ಹೊದಿಕೆ. ಭಾರ ಹೊರೋ ಶಕ್ತಿ ಇರೋದು ಅಂಚಿನಲ್ಲಿ, ಅದರ ಕೆಳಗಿನ ಕಂಬಗಳಲ್ಲಿ. ನಡುವೆ ತೂತು ಹೊಡೆದು ಭಾರ ಕೂರಿಸಿದರೆ ತಗಡು ಡ್ರಮ್ಮಿನ ಚರ್ಮದ ಹಾಗೆ ಅದುರುತ್ತೆ, ತೂತಿನ ಸುತ್ತ ಬಿರುಕು ಬಿಡುತ್ತೆ. ಮಲೆನಾಡಿನ ಮಳೆ ಆ ಆರು ತೂತುಗಳನ್ನ ಹುಡುಕಿಕೊಂಡು ಬರುತ್ತೆ. ಅಲ್ಲದೆ, ಬೋಲ್ಟ್ ತುದಿಗಳು ಅಮ್ಮನ ತಲೆಯಿಂದ ಒಂದು ಗೇಣು ಮೇಲೆ ಇರುತ್ತವೆ.

ಇನ್ನೊಂದು ವಿಷಯವೂ ಇತ್ತು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಬಾಡಿ, ಚಾಸಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಇಂಗ್ಲೆಂಡಿನ ಕಾರುಪ್ರಿಯರು ಕೇಳಿದರೆ 1919ರಿಂದ 1930ರವರೆಗಿನದು ಮಾತ್ರ ವಿಂಟೇಜ್ ಅಂತ ಹುಬ್ಬೇರಿಸುತ್ತಾರೆ, ಆದರೆ ನಮ್ಮ ಕಾನೂನಿನ ಪ್ರಕಾರ ನಮ್ಮ ಫಿಯಟ್ಟೂ ವಿಂಟೇಜೇ. ನಾವು ಆ ನೋಂದಣಿಗೆ ಹೋಗಿಲ್ಲ, ಯಾಕೆಂದರೆ ಹಾಗೆ ನೋಂದಾಯಿಸಿದ ಕಾರನ್ನ ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಅಮ್ಮನ ತವರು ಆ ಪಟ್ಟಿಯಲ್ಲಿಲ್ಲ. ಸದ್ಯಕ್ಕೆ ಐದೈದು ವರ್ಷಕ್ಕೆ ಮಾಮೂಲಿ ನೋಂದಣಿಯನ್ನೇ ನವೀಕರಿಸುತ್ತಾ ಇದೀವಿ. ಆದರೂ ಮುಂದೊಂದು ದಿನ ಬೇಕಾಗಬಹುದಾದ ಬಾಗಿಲನ್ನ ಡ್ರಿಲ್ ಹಿಡಿದು ಮುಚ್ಚೋದು ಯಾಕೆ?

ಅಪ್ಪ ಮೂರನೇ ದಿನ ಬೆಳಿಗ್ಗೆ ಕಾಫಿ ಕುಡೀತಾ, "ಸರಿ, ತೂತು ಬೇಡ. ಆದ್ರೆ ಹುಡುಕೋದು ನಿನ್ನ ಜವಾಬ್ದಾರಿ" ಅಂದರು.

ನಮ್ಮ ಕಂಪನಿಯ ಮುಂಬೈ ಆಫೀಸಿನಲ್ಲಿ ಒಬ್ಬ ಗೆಳೆಯ ಇದಾನೆ, ಕುಂದಾಪುರ ಕಡೆಯವನು. ಅವನಿಗೆ ಅಳತೆ ಚೀಟಿ ಕಳಿಸಿದೆ. ಅವನು ಎರಡು ಶನಿವಾರ ಕುರ್ಲಾದ ಹಳೇ ಸಾಮಾನಿನ ಸಂತೆ ಸುತ್ತಿ, ಕಡೆಗೆ ಒಂದು ಗೋದಾಮಿನ ಸೂರಿನ ಮೇಲೆ ಒಂದರ ಮೇಲೊಂದು ಪೇರಿಸಿಟ್ಟ ಟ್ಯಾಕ್ಸಿ ಕ್ಯಾರಿಯರ್‌ಗಳ ಫೋಟೋ ಕಳಿಸಿದ. ಕಾಗೆಗಳು ಗೂಡು ಕಟ್ಟಿದ್ದವು. ಫಿಯಟ್ ಹುಟ್ಟಿ ಬೆಳೆದ ಪ್ರೀಮಿಯರ್ ಕಾರ್ಖಾನೆಯೂ ಕುರ್ಲಾದಲ್ಲೇ ಇದ್ದದ್ದು, ಹಾಗಾಗಿ ಕ್ಯಾರಿಯರ್ ಅಲ್ಲೇ ಸಿಕ್ಕಿದ್ದು ನನಗೆ ಸಹಜ ಅನ್ನಿಸಿತು. ಟ್ಯಾಕ್ಸಿಯ ಕ್ಯಾರಿಯರ್‌ನಲ್ಲಿ ಕಾಲುಗಳು ಬೇರೆ, ಮೇಲಿನ ಚೌಕಟ್ಟು ಬೇರೆ. ಪ್ರತಿ ಕಾಲನ್ನೂ ಒಂದೆರಡು ಇಂಚು ಒಳಗೆ ಹೊರಗೆ ಸರಿಸಬಹುದು. ಕ್ಯಾರಿಯರ್‌ಗೆ 1,800 ರೂಪಾಯಿ, ಬಸ್ಸಿನ ಪಾರ್ಸೆಲ್‌ಗೆ 650. ತೂಗಿದಾಗ ಸರಿಯಾಗಿ 14 ಕೆ.ಜಿ.

ಅಮ್ಮನ ಕೈ ಎಲ್ಲಿ

ತುಕ್ಕನ್ನ ಬರೀ ಲೋಹ ಕಾಣೋವರೆಗೆ ಉಜ್ಜಿ, ಪ್ರೈಮರ್ ಹಚ್ಚಿ, ಕಪ್ಪು ಎನಾಮಲ್ ಬಳಿದದ್ದು ಎರಡು ಸಂಜೆಯ ಕೆಲಸ. ಕೂರಿಸುವ ದಿನ ಎಲ್ಲರೂ ಅಂಗಳದಲ್ಲಿ ಸೇರಿದೆವು.

ಪುಸ್ತಕದ ನಿಯಮ ಸರಳ. ಕ್ಯಾರಿಯರ್‌ನ ಕಾಲುಗಳು ಸಾಧ್ಯವಾದಷ್ಟೂ ಕಂಬಗಳ ಹತ್ತಿರ ಬರಬೇಕು. ಬಾಗಿಲಿನ ನಟ್ಟನಡುವೆ ಕಾಲಿಟ್ಟರೆ ಅಂಚು ಬಾಗುತ್ತೆ. ನಾನು ಮುಂದಿನ ಕಾಲನ್ನ ಗಾಜಿನ ಕಂಬದ ಹತ್ತಿರ ಇಟ್ಟು ನೋಡಿದೆ, ಅಂದವಾಗಿ ಕೂತಿತು. ಅಷ್ಟರಲ್ಲಿ ನನ್ನ ಹೆಂಡತಿ, "ಒಂದ್ಸಲ ಅತ್ತೆ ಕೂತು ಎದ್ದು ನೋಡ್ಲಿ" ಅಂದಳು.

ಅಮ್ಮ ಎಡಗಡೆ ಮುಂದಿನ ಸೀಟಿನಿಂದ ಏಳಬೇಕಾದರೆ ಕಾಲೆರಡನ್ನೂ ಹೊರಗೆ ಹಾಕಿ, ಬಲಗೈಯನ್ನ ಮೇಲೆ ಚಾಚಿ, ಮುಂದಿನ ಕಂಬದ ನೆತ್ತಿಯಲ್ಲಿ ಗಟರ್ ಅಂಚನ್ನೇ ಹಿಡಿದು ಏಳ್ತಾಳೆ. ಎರಡು ವರ್ಷದಿಂದ ಹಾಗೇ. ನಮ್ಮ ಯಾರ ಗಮನಕ್ಕೂ ಅದು ಬಂದಿರಲಿಲ್ಲ, ಅವಳ ಕೈಗೆ ಮಾತ್ರ ಗೊತ್ತಿತ್ತು. ಕೊಕ್ಕೆ ಮತ್ತು ಬೋಲ್ಟ್ ಇರಬೇಕೆಂದು ನಾನು ಗುರುತು ಮಾಡಿದ ಜಾಗದಲ್ಲೇ ಅವಳ ನಾಲ್ಕು ಬೆರಳು ಕೂತಿದ್ದವು.

ಚಾಕ್‌ಪೀಸ್ ತಂದು ಅಮ್ಮನ ಬೆರಳು ಬೀಳುವ ಜಾಗಕ್ಕೆ ಗೆರೆ ಎಳೆದೆವು. ಅದು ಅವಳ ಜಾಗ. ಮುಂದಿನ ಕಾಲುಗಳನ್ನ ಆ ಗೆರೆಯಿಂದ ಒಂದೂವರೆ ಗೇಣು ಹಿಂದಕ್ಕೆ, ನಡುಕಂಬದ ಕಡೆಗೆ ತಂದೆ. ಹಿಂದಿನ ಕಾಲುಗಳು ಹಿಂಬದಿಯ ಕಂಬದ ಹತ್ತಿರ. ಕ್ಯಾರಿಯರ್ ಒಟ್ಟಾರೆ ಸ್ವಲ್ಪ ಹಿಂದೆ ಕೂತ ಹಾಗೆ ಕಾಣುತ್ತೆ. ನೋಡಿದವರು ಕೇಳ್ತಾರೆ, ಇರಲಿ.

ಬಿಗಿಯುವ ಕ್ರಮ ಹೀಗೆ. ಗಟರ್‌ನ ಕಸ ತೆಗೆದು ಒಣಗಿಸಬೇಕು. ಪ್ರತಿ ಕಾಲಿನಡಿ ಹಳೇ ಸೈಕಲ್ ಟ್ಯೂಬಿನ ತುಂಡು, ಕೊಕ್ಕೆಯ ಒಳಮೈಗೂ ಒಂದು. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಬಣ್ಣ ಹೋಗುತ್ತೆ, ಬಣ್ಣ ಹೋದಲ್ಲಿ ತುಕ್ಕು ಬರುತ್ತೆ. ಎಲ್ಲಾ ಬೋಲ್ಟ್‌ಗಳನ್ನ ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಮುಂದಿನ ಎಡ, ಹಿಂದಿನ ಬಲ, ಮುಂದಿನ ಬಲ, ಹಿಂದಿನ ಎಡ ಹೀಗೆ ಓರೆಯಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಚಕ್ರದ ನಟ್ಟಿನ ಹಾಗೆ. ಶಕ್ತಿ ಇದೆ ಅಂತ ತಿರುಚಿದರೆ ಗಟರ್ ತುಟಿ ಮಡಚಿಕೊಳ್ಳುತ್ತೆ. ಅದುರಿದರೂ ಸಡಿಲವಾಗದ ನೈಲಾನ್ ಉಂಗುರದ ನಟ್ಟು ಹಾಕಿದರೆ ಅತಿಯಾಗಿ ಬಿಗಿಯುವ ಅಗತ್ಯವೇ ಇಲ್ಲ. ಉಳಿದ ಬೋಲ್ಟ್ ತುದಿ ಕತ್ತರಿಸಿ ರಬ್ಬರ್ ಟೊಪ್ಪಿಗೆ ಹಾಕಿದೆ. ನಾಲ್ಕೂ ಬಾಗಿಲು ಪೂರ್ತಿ ತೆರೆದು ಮುಚ್ಚಿ ನೋಡಿದೆ. ಹತ್ತು ಕಿಲೋಮೀಟರ್ ಓಡಿಸಿ ಒಂದು ಸಲ, ಐವತ್ತಕ್ಕೆ ಇನ್ನೊಂದು ಸಲ ಬೋಲ್ಟ್ ಪರೀಕ್ಷೆ. ಎರಡನೇ ಸಲಕ್ಕೆ ರಬ್ಬರ್ ಕೂತು ಎರಡು ನಟ್ಟು ಕಾಲು ಸುತ್ತು ಬೇಡಿದವು.

ಒಂದು ಕಿರಿಕಿರಿ ಉಳಿದಿತ್ತು. 50 ಕಿ.ಮೀ. ವೇಗ ದಾಟಿದರೆ ಮುಂದಿನ ಅಡ್ಡ ಪೈಪು ಕೊಳಲು ಊದುತ್ತಿತ್ತು. ದುಂಡು ಪೈಪಿನ ಹಿಂದೆ ಗಾಳಿ ಮೇಲೊಂದು ಕೆಳಗೊಂದು ಸುಳಿಗಳಾಗಿ ಲಯಬದ್ಧವಾಗಿ ಕಳಚಿಕೊಳ್ಳೋದರಿಂದ ಬರುವ ಶಿಳ್ಳೆ ಅದು. ಕಾರ್ಖಾನೆಯ ಎತ್ತರದ ಚಿಮಣಿಗಳ ತುದಿಗೆ ಸುರುಳಿಯಾಗಿ ಪಟ್ಟಿ ಸುತ್ತಿರೋದನ್ನ ನೀವು ನೋಡಿರಬಹುದು. ಆ ಲಯ ಮುರಿಯೋಕೆ ಅದು. ಅಪ್ಪ ಅಟ್ಟದಿಂದ ತೆಂಗಿನ ನಾರಿನ ಹಗ್ಗ ತಂದು ಪೈಪಿಗೆ ಬಿಡಿಬಿಡಿಯಾಗಿ ಸುರುಳಿ ಸುತ್ತಿದರು. ಶಿಳ್ಳೆ ನಿಂತಿತು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಇದಕ್ಕೊಂದು ಪೂರ್ತಿ ಅಧ್ಯಾಯ ಓದಿದ್ದೆ. ಅಪ್ಪ ಲಾರಿಯವರನ್ನ ನೋಡಿ ಕಲಿತಿದ್ದರಂತೆ.

ಭಾರ ಕೆಳಗೆ, ಗಾತ್ರ ಮೇಲೆ

ಈಗ ಅಮ್ಮನ ಷರತ್ತಿಗೆ ಬರ್ತೀನಿ. ಕ್ಯಾರಿಯರ್ ಇದೆ ಅಂದ ತಕ್ಷಣ ಡಿಕ್ಕಿಯಲ್ಲಿ ಹಿಡಿಸದ ಭಾರವನ್ನೆಲ್ಲ ಮೇಲೆ ಹಾಕೋದು ನಮ್ಮೆಲ್ಲರ ಸಹಜ ಬುದ್ಧಿ. ಅದು ತಲೆಕೆಳಗಾದ ಬುದ್ಧಿ.

ನಮ್ಮ ಕಾರಿನ ತೂಕ ಸುಮಾರು 900 ಕೆ.ಜಿ., ಜೊತೆಗೆ ನಾಲ್ಕು ಜನ. ಅದರ ಮೇಲೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ 40 ಕೆ.ಜಿ. ಇಟ್ಟರೆ ಇಡೀ ಕಾರಿನ ಗುರುತ್ವ ಕೇಂದ್ರ ನನ್ನ ಅಂದಾಜಿನಲ್ಲಿ 3 ಸೆಂ.ಮೀ. ಮೇಲೇರುತ್ತೆ. 100 ಕೆ.ಜಿ. ಇಟ್ಟರೆ 8 ಸೆಂ.ಮೀ. ಮೃದು ಸ್ಪ್ರಿಂಗಿನ, ಕಿರಿದಾದ ಟೈರಿನ ಹಳೇ ಕಾರಿಗೆ ತಿರುವಿನಲ್ಲಿ ಆ 8 ಸೆಂ.ಮೀ. ಚೆನ್ನಾಗಿ ಗೊತ್ತಾಗುತ್ತೆ. ಜೋರಾಗಿ ಬ್ರೇಕ್ ಹಾಕಿದಾಗ ಮೇಲಿನ ಗಂಟು ತನ್ನ ತೂಕದ ಅರ್ಧಕ್ಕಿಂತ ಹೆಚ್ಚು ಬಲದಿಂದ ಮುಂದಕ್ಕೆ ಎಳೆಯುತ್ತೆ. ಆ ಎಳೆತವನ್ನ ತಡೆಯೋದು ನಾಲ್ಕು ಕೊಕ್ಕೆ ಮತ್ತು ಐವತ್ತು ವರ್ಷದ ತಗಡಿನ ಅಂಚು. ಈಗಿನ ಸಣ್ಣ ಕಾರುಗಳ ಕೈಪಿಡಿಯಲ್ಲೇ ಸೂರಿನ ಮಿತಿ ಸಾಮಾನ್ಯವಾಗಿ 50ರಿಂದ 75 ಕೆ.ಜಿ. ಇರುತ್ತೆ, ಅದರಲ್ಲಿ ಕ್ಯಾರಿಯರ್‌ನ ತೂಕವೂ ಸೇರಿರುತ್ತೆ. ನಾನು ನಮ್ಮ ಫಿಯಟ್‌ಗೆ ಒಟ್ಟು 40 ಅಂತ ಗೆರೆ ಎಳೆದೆ. ಕ್ಯಾರಿಯರ್ 14 ಕಳೆದರೆ ಸಾಮಾನಿಗೆ ಉಳಿಯೋದು 26.

ಗಾಳಿಯ ಲೆಕ್ಕ ಇನ್ನೊಂದು. ಮೂರಡಿ ಅಗಲ, ಒಂದಡಿ ಎತ್ತರದ ಗಂಟಿಗೆ 60 ಕಿ.ಮೀ. ವೇಗದಲ್ಲಿ ಗಾಳಿ ಸುಮಾರು ನಾಲ್ಕೂವರೆ ಕೆ.ಜಿ. ಭಾರದಷ್ಟು ತಳ್ಳುತ್ತೆ, 80ರಲ್ಲಿ 8, 100ರಲ್ಲಿ ಹನ್ನೆರಡರ ಮೇಲೆ. ಅದನ್ನ ಎದುರಿಸೋಕೆ ಎಂಜಿನ್ ಕೊಡಬೇಕಾದ ಶಕ್ತಿ 60ರಲ್ಲಿ ಒಂದು ಎಚ್‌ಪಿ, 100ರಲ್ಲಿ ನಾಲ್ಕೂವರೆ. ನಮ್ಮ ಹತ್ತಿರ ಇರೋದೇ 40 ಎಚ್‌ಪಿ. ಹಾಗಾಗಿ 60 ದಾಟೋ ಹಾಗಿಲ್ಲ ಅಂತ ತೀರ್ಮಾನವಾಯ್ತು. ಅಪ್ಪ ಹೇಗೂ 60 ದಾಟಲ್ಲ.

ಇದೆಲ್ಲ ಕೂಡಿಸಿ ಕಳೆದರೆ ಉಳಿಯೋದು ಒಂದೇ ಮಾತು. ಕ್ಯಾರಿಯರ್ ಇರೋದು ಭಾರಕ್ಕಲ್ಲ, ಗಾತ್ರಕ್ಕೆ. ಜಾಗ ತಿನ್ನುವ ಹಗುರ ಸಾಮಾನು ಮೇಲೆ ಹೋದರೆ ಭಾರದ ಸಾಮಾನಿಗೆ ಕೆಳಗೆ ಜಾಗ ಸಿಗುತ್ತೆ. ವೀಲ್‌ಚೇರ್ 18 ಕೆ.ಜಿ. ಅದು ಡಿಕ್ಕಿಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ. ಮೇಲಕ್ಕೆ ಏಳೇಳು ಕೆ.ಜಿ.ಯ ಎರಡು ಬಟ್ಟೆ ಚೀಲ, 5 ಕೆ.ಜಿ.ಯ ಹಾಸಿಗೆ, ದಿಂಬು, ಮೇಲೆ ಟಾರ್ಪಾಲ್. ಒಟ್ಟು 21. ಅರವತ್ತಾರು ವರ್ಷದ ಅಪ್ಪ ವೀಲ್‌ಚೇರನ್ನ ತಲೆಯ ಮಟ್ಟಕ್ಕೆ ಎತ್ತೋದೂ ತಪ್ಪಿತು. ಅಮ್ಮನಿಗೆ ಈ ಲೆಕ್ಕವನ್ನೆಲ್ಲ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿ, "ಇದಕ್ಕೆ ಇಷ್ಟು ಹಾಳೆ ಬೇಕಿತ್ತಾ? ಗಾಡಿ ಹೇರೋ ಯಾರನ್ನ ಕೇಳಿದ್ರೂ ಹೇಳೋರು" ಅಂದಳು.

ಕಟ್ಟುವಾಗ ಎರಡು ಎಚ್ಚರ. ಜಗ್ಗುವ ರಬ್ಬರ್ ಹಗ್ಗ ಮಾತ್ರ ನಂಬಬೇಡಿ, ಅದು ಜಗ್ಗೋಕೇ ಹುಟ್ಟಿದ್ದು. ಚಪ್ಪಟೆ ಪಟ್ಟಿ ಬಳಸಿದರೆ ಒಂದು ತಿರುವು ಕೊಟ್ಟು ಕಟ್ಟಿ, ಇಲ್ಲದಿದ್ದರೆ ದಾರಿಯುದ್ದಕ್ಕೂ ಗುಂಯ್ ಅನ್ನುತ್ತೆ.

ಮುನ್ನೂರು ಕಿಲೋಮೀಟರ್ ಆಚೆ

ಬೆಳಗಿನ ಜಾವ ನಾಲ್ಕೂವರೆಗೆ ಹೊರಟೆವು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ತಿಪಟೂರು ದಾಟಿದ ಮೇಲೆ ತೆಂಗಿನ ತೋಟದ ನೆರಳಿನಲ್ಲಿ ಬೋಲ್ಟ್ ಪರೀಕ್ಷೆ, ಕಡೂರಿನಲ್ಲಿ ಊಟ. ಪ್ರತಿ ನಿಲುಗಡೆಯಲ್ಲೂ ಅಮ್ಮ ಬಲಗೈ ಚಾಚಿ ತನ್ನ ಜಾಗ ಹಿಡಿದು ಎದ್ದಳು. ಡಿಕ್ಕಿಯಿಂದ ಕುರ್ಚಿ ಬರೋಕೆ ಒಂದು ನಿಮಿಷ, ವಾಪಸ್ ಹೋಗೋಕೆ ಒಂದು ನಿಮಿಷ. ಶಿವಮೊಗ್ಗ ದಾಟಿ ತುಂಗೆಯ ಪಕ್ಕದ ರಸ್ತೆಯ ತಿರುವುಗಳಲ್ಲಿ ಅಪ್ಪ 40ಕ್ಕಿಳಿದರು. ಹಿಂದಿನವರು ಹಾರ್ನ್ ಹೊಡೆದರು. ಕಾರು ವಾಲಲಿಲ್ಲ.

ಮಾವನ ಮನೆಯ ಅಂಗಳದಲ್ಲಿ ಕಾರು ನಿಂತಾಗ ಮಕ್ಕಳು ಓಡಿಬಂದು ಮೊದಲು ನೋಡಿದ್ದು ಕ್ಯಾರಿಯರ್‌ನ. ದೊಡ್ಡವರು ನೋಡಿದ್ದು ಅಮ್ಮನನ್ನ. ಅಮ್ಮ ಕುರ್ಚಿಗಾಗಿ ಕಾಯಲಿಲ್ಲ. ಗಟರ್ ಹಿಡಿದು ಎದ್ದು ನಿಂತು, ಅತ್ತಿಗೆಯ ಭುಜ ಹಿಡಿದು, ಹೊಸಿಲವರೆಗೆ ಎಂಟು ಹೆಜ್ಜೆ ನಡೆದಳು. ನಾನು ಡಿಕ್ಕಿ ತೆರೆದವನು ಹಾಗೇ ನಿಂತೆ.

ಮೂರು ದಿನದ ಮೇಲೆ ಹೊರಡುವಾಗ ಪರೀಕ್ಷೆ ಬಂತು. ಮಾವ ಎರಡು ಹಲಸಿನಹಣ್ಣು, ಒಂದು ಬಾಳೆಗೊನೆ, 25 ಕೆ.ಜಿ.ಯ ಅಕ್ಕಿ ಚೀಲ ತಂದಿಟ್ಟರು. "ಕ್ಯಾರಿಯರ್ ಇದ್ಯಲ್ಲ, ಮೇಲೆ ಹಾಕ್ರೋ." ಅಪ್ಪ ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯೋ ಮೊದಲೇ ಅಮ್ಮ ಸೀಟಿನಿಂದ, "ಮೇಲೆ ಐದು ಕೇಜಿಗಿಂತ ಜಾಸ್ತಿ ಜಾಗ ಇಲ್ಲ. ಗೊನೆ ಇಲ್ಲೇ ಇರ್ಲಿ, ಒಂದು ಹಣ್ಣು ಸಾಕು, ಅಕ್ಕಿ ಕೆಳಗೆ ಕಾಲ ಹತ್ತಿರ ಇಡಿ" ಅಂದಳು. ಅಕ್ಕಿ ಹಿಂದಿನ ಸೀಟಿನ ಮುಂದೆ ನೆಲದಲ್ಲಿ ಕೂತಿತು, ಹಲಸು ನನ್ನ ಕಾಲ ಪಕ್ಕದಲ್ಲಿ. ಮನೆ ಮುಟ್ಟೋವರೆಗೆ ಅದರ ಮುಳ್ಳು ನನ್ನ ಮೀನಖಂಡಕ್ಕೆ ಒತ್ತುತ್ತಲೇ ಇತ್ತು.

ಈಗ ಕ್ಯಾರಿಯರ್ ಬಿಚ್ಚಿ ಶೆಡ್ಡಿನ ಗೋಡೆಗೆ ತಗಲಿಹಾಕಿದೀವಿ. ಊರಿಲ್ಲದ ದಿನ ಅದನ್ನ ಹೊತ್ತು ತಿರುಗಿದರೆ ಪೆಟ್ರೋಲೂ ದಂಡ, ಗಟರ್‌ನಲ್ಲಿ ನೀರೂ ನಿಲ್ಲುತ್ತೆ. ಕಾರಿನ ಮೇಲೆ ಉಳಿದಿರೋದು ಮುಂದಿನ ಕಂಬದ ಹತ್ತಿರದ ಚಾಕ್‌ಪೀಸ್ ಗೆರೆ ಮಾತ್ರ. ಕಾರು ತೊಳೆದಾಗ ಅದು ಅಳಿಸಿ ಹೋಗುತ್ತೆ, ಅಪ್ಪ ಮತ್ತೆ ಎಳೀತಾರೆ. ಮುಂದಿನ ಪ್ರಯಾಣ ಎಲ್ಲಿಗೆ ಅಂತ ನಾವಿನ್ನೂ ಗೊತ್ತು ಮಾಡಿಲ್ಲ. ಅಮ್ಮ ಮಾತ್ರ ಶೃಂಗೇರಿ, ಹೊರನಾಡು, ಆಗುಂಬೆ ಅಂತ ಪಟ್ಟಿ ಮಾಡ್ತಿದಾಳೆ, ಪ್ರತಿ ಊರಿನ ಮುಂದೆ ಏನೇನು ಸಾಮಾನು, ಎಷ್ಟು ಕೆ.ಜಿ. ಅಂತಲೂ ಬರೀತಿದಾಳೆ.